ಅಪ್ಪನ ನಿದ್ದೆಗೊಂದು ಡೀಸೆಲ್ ಕಾರು

ನಮ್ಮ ಮನೆಗೆ ಕಾರು ಬಂದದ್ದು ಓಡಾಡುವುದಕ್ಕಲ್ಲ, ಅಪ್ಪನಿಗೆ ನಿದ್ದೆ ಬರಲಿ ಅಂತ. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ಕಾರು ಕೊಳ್ಳುವುದಕ್ಕೆ ಜನ ಕೊಡುವ ಕಾರಣಗಳನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ಅರ್ಧಕ್ಕರ್ಧ ಇದಕ್ಕಿಂತ ಹುಚ್ಚು ಕಾರಣಗಳು.

ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಕಾಲ ಅದು. ಮೈಸೂರಿನ ಸಿದ್ಧಾರ್ಥನಗರದಲ್ಲಿ ನಮ್ಮದೊಂದು ಸಣ್ಣ ಮನೆ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ನನ್ನ ಗಂಡ ನಜರ್‌ಬಾದಿನ ಒಂದು ಕಚೇರಿಯಲ್ಲಿದ್ದರು, ಮಗಳಿಗೆ ಮೂರು ವರ್ಷ. ಅಪ್ಪ ಅವ್ವ ಕಡಕೊಳದಲ್ಲಿದ್ದರು. ಅಲ್ಲಿ ಅಪ್ಪನದು ಹಿಟ್ಟಿನ ಮಿಲ್ಲು. ಹರೆಯದಿಂದ ಉಸಿರಿನ ಜೊತೆ ಒಳಗೆ ಹೋದ ರಾಗಿ ಹಿಟ್ಟು ಅರವತ್ತು ದಾಟಿದ ಮೇಲೆ ಎದೆಯಲ್ಲಿ ಕೂತು ಕೆಮ್ಮಿಸತೊಡಗಿತು. ಮಿಲ್ಲು ಬಿಡದಿದ್ದರೆ ಕೆಮ್ಮು ಬಿಡುವುದಿಲ್ಲ ಎಂದರು ಡಾಕ್ಟರು. ನಾನು ಒಬ್ಬಳೇ ಮಗಳು. ಹಟ ಹಿಡಿದು ಮಿಲ್ಲು ಮಾರಿಸಿ ಇಬ್ಬರನ್ನೂ ಮನೆಗೆ ಕರೆದುಕೊಂಡು ಬಂದೆ. ಕೆಮ್ಮು ಹೋಯಿತು. ಅದರ ಜೊತೆಗೇ ಅಪ್ಪನ ನಿದ್ದೆಯೂ ಹೋಯಿತು.

ಬೆಳಿಗ್ಗೆ ಕಾಫಿ ಕೊಡುವಾಗ ಅಪ್ಪನ ಕಣ್ಣು ಕೆಂಪಗಿರುತ್ತಿತ್ತು. "ಸಿಂಹ ಕೂಗಿದ್ದು ಕೇಳಿಸ್ತಾ ಮಗಾ?" ಎನ್ನುತ್ತಿದ್ದರು. ನಮ್ಮ ಬಡಾವಣೆಗೆ ಮೃಗಾಲಯ ದೂರವಲ್ಲ. ಬೆಳಗಿನ ಜಾವ ಅಲ್ಲಿಯ ಸಿಂಹ ಗರ್ಜಿಸುವುದು ಎಚ್ಚರ ಇದ್ದವರಿಗೆ ಕೇಳಿಸುತ್ತದೆ. ಅಪ್ಪನಿಗೆ ದಿನಾ ಕೇಳಿಸುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಹಾಲಿನಲ್ಲಿದ್ದ ಮರದ ದಿವಾನದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ತಲೆ ಭಾರವಾಗುತ್ತಿತ್ತೇ ಹೊರತು ಕಣ್ಣು ಮುಚ್ಚುತ್ತಿರಲಿಲ್ಲ. "ಇದೇನು ಊರು ಕಣವ್ವ, ಒಂದು ಸದ್ದಿಲ್ಲ, ಗದ್ದಲವಿಲ್ಲ" ಎಂದು ಬಡಾವಣೆಯ ಮೇಲೆ ತಪ್ಪು ಹೊರಿಸುತ್ತಿದ್ದರು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ. ಸಂತೆಯಂಥ ಮಿಲ್ಲಿನಲ್ಲಿ ನಿದ್ದೆ ಮಾಡುತ್ತಿದ್ದ ಮನುಷ್ಯನಿಗೆ ನನ್ನ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದರೆ ಇಲ್ಲಿ ಏನೋ ಚಿಂತೆ ಇದೆ ಎಂದಾಯಿತಲ್ಲ? ಮಗಳ ಮನೆ, ಅಳಿಯನ ಅನ್ನ ಎಂಬ ಸಂಕೋಚವೇ? ಬಾಯಿಬಿಟ್ಟು ಕೇಳುವ ಧೈರ್ಯ ಆಗಲಿಲ್ಲ. ನನಗೆ ದುಃಖವಾಗುತ್ತಿತ್ತು, ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ದಿಂಬು ಬದಲಾಯಿಸಿದೆ, ಹಾಸಿಗೆ ಬದಲಾಯಿಸಿದೆ, ಪರದೆ ಹಾಕಿಸಿದೆ. ಅಪ್ಪ ಎಲ್ಲದಕ್ಕೂ "ಚೆನ್ನಾಗದೆ" ಎಂದರು, ಎಚ್ಚರವಾಗಿಯೇ ಇದ್ದರು.

ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತಾ ಹೇಳಿದರು: "ಯುಗಾದಿವರ್ಗೂ ನೋಡ್ತೀನಿ ಮಗಾ. ಆಮೇಲೆ ಕಡಕೊಳಕ್ಕೇ ಹೋಗ್ಬುಡ್ತೀನಿ. ನಮ್ಮ ಮಠದಲ್ಲಿ ಒಂದು ರೂಮು ಕೊಡ್ತಾರೆ. ನಿಮ್ಮವ್ವ ಇಲ್ಲೇ ಇರ್ಲಿ, ಮಗೂನ ನೋಡ್ಕಂಡು."

ಅವ್ವ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಕರಕಲಾಯಿತು.

ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವರು ನನ್ನ ಮನೆಯ ದೆಸೆಯಿಂದ ಬೇರೆ ಬೇರೆ ಊರಿನಲ್ಲಿ ಇರಬೇಕಾಗಿ ಬರುತ್ತದಲ್ಲ!

ಮಿಲ್ಲಿನ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಿಲ್ಲಿನ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಕರೆಂಟನ್ನು ನಂಬಿ ಕೂರುವ ಹಾಗಿಲ್ಲದ್ದರಿಂದ ಡೀಸೆಲ್ ಎಂಜಿನ್ನು. ಅದರ ಹೊಗೆಕೊಳವೆಯ ಬಾಯಿಗೆ ಅಪ್ಪ ಒಂದು ತಗಡಿನ ಡಬ್ಬಿ ಕಟ್ಟಿದ್ದರು. ಎಂಜಿನ್ನು ಶುರುವಾಯಿತೆಂದರೆ ಕುಕ್, ಕುಕ್, ಕುಕ್ ಎಂದು ಸುತ್ತಲಿನ ಹೊಲಗಳವರೆಗೂ ಕೇಳಿಸುತ್ತಿತ್ತು. ಹೆಂಗಸರು ರಾಗಿ ಡಬ್ಬ ಹೊತ್ತು ಬರುತ್ತಿದ್ದರು. ಹೆಂಚಿನ ನಡುವೆ ಕೂರಿಸಿದ್ದ ಗಾಜಿನಿಂದ ಒಂದು ಬಿಸಿಲುಕೋಲು ಇಳಿದು, ಅದರೊಳಗೆ ಹಿಟ್ಟು ಹೊಗೆಯಂತೆ ಮೇಲೇಳುತ್ತಿತ್ತು. ಅಪ್ಪನ ರೆಪ್ಪೆಗಳು ಬೆಳ್ಳಗೆ. ಬಿಸಿ ಹಿಟ್ಟಿನ ವಾಸನೆಗೆ ಹಸಿವೂ ನಿದ್ದೆಯೂ ಒಟ್ಟಿಗೇ ಬರುತ್ತಿದ್ದವು. ನನ್ನ ಬಾಲ್ಯ ಎಂದರೆ ಈಗಲೂ ಆ ಬಿಸಿಲುಕೋಲೇ.

ಊಟವಾದ ಮೇಲೆ ಅಪ್ಪ ಖಾಲಿ ಚೀಲಗಳ ಮೇಲೆ ಕಾಲು ನೀಡಿ, ಹಿಟ್ಟು ಬಂದು ಬೀಳುವ ಮರದ ಪೆಟ್ಟಿಗೆಗೆ ಬೆನ್ನು ಕೊಟ್ಟು ಒರಗುತ್ತಿದ್ದರು. ಅವ್ವ ಸೆರಗು ಸಿಕ್ಕಿಸಿಕೊಂಡು ಬಂದು, "ಮನಿಕ್ಕೊಳ್ಳಿ, ನಾನು ನೋಡ್ಕತೀನಿ" ಎನ್ನುತ್ತಿದ್ದಳು. ಬೀಸುವ ಕಲ್ಲಿಗೆ ರಾಗಿ ಸುರಿಯುವುದು, ಹಿಟ್ಟು ಪೆಟ್ಟಿಗೆಯ ಮೂಲೆಯಲ್ಲಿ ಕಟ್ಟಿಕೊಳ್ಳದ ಹಾಗೆ ಅದರ ಪಕ್ಕೆಯನ್ನು ಅಂಗೈಯಿಂದ ತಟ್ಟುತ್ತಾ ಇರುವುದು, ಬಂದವರ ಡಬ್ಬ ತುಂಬಿಸುವುದು, ಎಲ್ಲ ಅವಳೇ. ಅಷ್ಟು ಗಲಾಟೆಯಲ್ಲಿ ಅಪ್ಪ ಹಸುಗೂಸಿನ ಹಾಗೆ ನಿದ್ದೆ ಹೋಗುತ್ತಿದ್ದರು.

ಆದರೂ ಅವ್ವನಿಗೆ ಆ ಎಂಜಿನ್ನನ್ನು ಕಂಡರೆ ಆಗುತ್ತಿರಲಿಲ್ಲ. "ನನ್ನ ಸವತಿ" ಎಂದೇ ಕರೆಯುತ್ತಿದ್ದಳು. ಪ್ರತಿ ಸೋಮವಾರ ಅಪ್ಪ ಲಿಂಗಪೂಜೆ ಮುಗಿಸಿ ಬಂದು ಎಂಜಿನ್ನಿಗೆ ಮೂರು ಬೆರಳು ವಿಭೂತಿ ಎಳೆದು, ಒಂದು ಬಿಲ್ವಪತ್ರೆ, ಒಂದು ಹೂವು ಇಡುತ್ತಿದ್ದರು. "ನಂಗೆ ಮದ್ವೆಯಾದಾಗಿಂದ ಒಂದು ಮೊಳ ಹೂ ತಂದುಕೊಟ್ಟೋರಲ್ಲ. ಅವಳಿಗೆ ನೋಡು, ಸೋಮವಾರ ತಪ್ಪಂಗಿಲ್ಲ" ಎಂದು ನನ್ನ ಮುಂದೆ ದೂರುತ್ತಿದ್ದಳು. ಸಿದ್ಧಾರ್ಥನಗರಕ್ಕೆ ಬಂದು ಅಪ್ಪನ ನಿದ್ದೆ ಕೆಟ್ಟ ಮೇಲೆ ಆ ದೂರಿಗೆ ಒಂದು ಸಾಲು ಸೇರಿತು: "ಅವಳ ಸದ್ದಿಲ್ದೆ ಅವ್ರಿಗೆ ನಿದ್ದೆ ಬರಾಕಿಲ್ಲ." ತಮಾಷೆಯಾಗಿ ಹೇಳುತ್ತಿದ್ದಳು, ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ.

ಕಾರಿನ ಮಾತು ಅಪ್ಪ ಯುಗಾದಿಯ ಗಡುವು ಹೇಳುವುದಕ್ಕೆ ಮುಂಚೆಯೇ ಮನೆಯಲ್ಲಿತ್ತು. ಐದು ಜನ ಒಂದು ಸ್ಕೂಟರಿನಲ್ಲಿ ಹೋಗುವುದಕ್ಕಾಗುತ್ತದೆಯೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಹಾಕಿಸಿದ ಎಣ್ಣೆಗೆ ಹೆಚ್ಚು ದೂರ ಓಡುವ ಡೀಸೆಲ್ ಕಾರೇ ನಮ್ಮಂಥವರಿಗೆ ಲಾಯಕ್ಕು ಎಂದು ಗಂಡ ಆಗಲೇ ತೀರ್ಮಾನಿಸಿಯಾಗಿತ್ತು. ಓಡಿಸುವುದು ಮಾತ್ರ ನಾನು. ಇಬ್ಬರೂ ಒಟ್ಟಿಗೇ ಡ್ರೈವಿಂಗ್ ಶಾಲೆಗೆ ಸೇರಿದ್ದೆವು. ಅವರು ಮೊದಲನೆಯ ವಾರವೇ ಒಂದು ಕಾಂಪೌಂಡ್ ಗೋಡೆಯನ್ನು ಮುಟ್ಟಿ ಮಾತಾಡಿಸಿ ಬಂದು, "ನೀನೇ ಕಲ್ತುಕೊಳ್ಳೇ" ಎಂದು ಕೈಮುಗಿದಿದ್ದರು.

ಮೊದಲು ನೋಡಿದ್ದು ಕೆನೆ ಬಣ್ಣದ ಕಾರು. ನಜರ್‌ಬಾದ್ ಕಡೆಯ ಒಂದು ಷೋರೂಮಿಗೆ ಭಾನುವಾರ ಬೆಳಿಗ್ಗೆ ಸಂಸಾರ ಸಮೇತ ಹೋದೆವು. ಕೊಳ್ಳುವವರು ಒಬ್ಬರೋ ಇಬ್ಬರೋ ಬರುತ್ತಾರೆ ಎಂದುಕೊಂಡಿದ್ದ ಟೈ ಕಟ್ಟಿದ ಮನುಷ್ಯ, ನಿಂಬೆಹಣ್ಣು, ನೀರಿನ ಬಾಟಲಿ, ರಸ್ಕಿನ ಪೊಟ್ಟಣ ಇಟ್ಟುಕೊಂಡ ಕೈಚೀಲದ ಜೊತೆ ಆಟೋದಿಂದ ಇಳಿದ ಅವ್ವನನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ತಾನೇ ಸ್ಟೀರಿಂಗ್ ಹಿಡಿದು, "ಯಜಮಾನ್ರು ಮುಂದೆ ಬನ್ನಿ ಸಾರ್" ಎಂದು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹಿಂದೆ ಒಂದು ಕಿಟಕಿಗೆ ಮಗುವನ್ನು ಎತ್ತಿಕೊಂಡ ಅವ್ವ, ಇನ್ನೊಂದು ಕಿಟಕಿಗೆ ನನ್ನ ಗಂಡ, ಮಧ್ಯೆ ನಾನು.

ಅದು ನಿಜಕ್ಕೂ ಒಳ್ಳೆಯ ಕಾರು. ಲಲಿತಮಹಲ್ ರಸ್ತೆಯ ಮೇಲೆ ನೀರಿನಲ್ಲಿ ದೋಣಿ ಹೋದ ಹಾಗೆ ಹೋಯಿತು. ಎರಡೂ ಕಡೆಯ ಮರಗಳ ನೆರಳು ಗಾಜಿನ ಮೇಲೆ ಹರಿದು ಹಿಂದಕ್ಕೆ ಹೋಗುತ್ತಿತ್ತು. ಎದುರಿಗೆ ಬೆಟ್ಟ, ಅದರ ತಲೆಯ ಮೇಲೆ ಒಂದು ತುಂಡು ಬಿಳಿ ಮೋಡ. ಟೈಯವನು ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಡ್ಯಾಶ್‌ಬೋರ್ಡಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದ. ನಾಣ್ಯ ಅಲುಗಲಿಲ್ಲ. ನನ್ನ ಗಂಡ ಅದನ್ನು ನೋಡಿ ಮನಸೋತುಬಿಟ್ಟರು. ಅಪ್ಪ ಫೋಟೋ ತೆಗೆಸಿಕೊಳ್ಳುವವರ ಹಾಗೆ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ನೆಟ್ಟಗೆ ಕೂತಿದ್ದರು.

"ಸ್ಟಾರ್ಟ್ ಆಗದಾ ಗಾಡಿ?" ಎಂದು ಕೇಳಿದರು.

"ಆಗಿದೆ ಸಾರ್! ಅದೇ ಇದರ ವಿಶೇಷ. ಡೀಸೆಲ್ ಅಂತ ಗೊತ್ತೇ ಆಗೋಲ್ಲ."

"ಗೊತ್ತಾಗ್ದೆ ಇದ್ರೆ ಡೀಸಲ್ಲು ಯಾಕ್ರೀ ತಗೋಬೇಕು?" ಎಂದರು ಅಪ್ಪ. ನಾನು ನಕ್ಕುಬಿಟ್ಟೆ. ಗಂಡ ನನ್ನ ಕಡೆ ನೋಡಿದ ನೋಟ ಚೆನ್ನಾಗಿರಲಿಲ್ಲ.

ಮುಂದಿನ ಭಾನುವಾರ ಇನ್ನೊಂದು ಕಾರು, ಇನ್ನೊಂದು ಷೋರೂಮು. ಇದು ಕಡಿಮೆ ಬೆಲೆಯದು, ಚೌಕಾಕಾರದ್ದು, ಬಣ್ಣ ಬೂದಿ. ಬೀಗದ ಕೈ ತಿರುಗಿಸಿ, ಸುರುಳಿಯಾಕಾರದ ಹಳದಿ ದೀಪ ಆರುವ ತನಕ ಕಾಯಬೇಕು; ಎಂಜಿನ್ ಬಿಸಿಯಾಗುವುದಕ್ಕೆ ಅಷ್ಟು ಸಮಯ ಬೇಕು. ಆಮೇಲೆ ಅದು ಗಂಟಲು ಸರಿಮಾಡಿಕೊಂಡು, ಮೈಯೆಲ್ಲ ಒದರಿ, ಗಡಗಡ ಎಂದು ಶುರುವಾಯಿತು. ಅಪ್ಪನ ಮುಖ ಅರಳಿತು. ಅವ್ವ "ಬಂದ್ಳಪ್ಪ" ಎಂದು ಗೊಣಗಿದಳು.

ಈ ಷೋರೂಮಿನ ಮನುಷ್ಯ ಸ್ಟೀರಿಂಗನ್ನು ನನ್ನ ಕೈಗೇ ಕೊಟ್ಟ. ಕೊಟ್ಟ ಮೇಲೆ, ಕೊಟ್ಟದ್ದು ಹೆಂಗಸಿನ ಕೈಗೆ ಎಂಬುದು ನೆನಪಾಗಿ ಮುಂದೆ ನನ್ನ ಪಕ್ಕ ಬಂದು ಕೂತು, ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟುಕೊಂಡ. ಹೀಗಾಗಿ ಅಪ್ಪ ಹಿಂದೆ ಕೂರಬೇಕಾಯಿತು. ನಮ್ಮಲ್ಲಿ ಅತ್ತೆ ಅಳಿಯನ ಪಕ್ಕ ಕೂರುವ ಹಾಗಿಲ್ಲ. ಆದ್ದರಿಂದ ಒಂದು ಕಿಟಕಿಗೆ ಅವ್ವ, ಇನ್ನೊಂದು ಕಿಟಕಿಗೆ ನನ್ನ ಗಂಡ, ನಡುವೆ ಅಪ್ಪ. ಮಗು ಅವ್ವನ ಮಡಿಲಲ್ಲಿ, ಅವ್ವ ಅದರ ಬೆನ್ನು ತಟ್ಟುತ್ತಿದ್ದಳು. ಆ ಮಗುವಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಮಡಿಲಿನಿಂದ ಜಾರಿ ಕೆಳಗಿಳಿದರೂ ಅವ್ವನ ಕೈ ಮಾತ್ರ ತಟ್ಟುವುದನ್ನು ಬಿಡುತ್ತಿರಲಿಲ್ಲ, ಸೀಟನ್ನೇ ತಟ್ಟುತ್ತಾ ಕೂತಿರುತ್ತಿದ್ದಳು.

ರೇಸ್ ಕೋರ್ಸಿನ ಪಕ್ಕದ ರಸ್ತೆಗೆ ತಿರುಗಿದಾಗ ಕನ್ನಡಿ ನೋಡಿದೆ. ಅಪ್ಪನ ತಲೆ ಒಂದು ಕಡೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ನೋಡಿದೆ. ನಿದ್ದೆ. ಕಳ್ಳನಿದ್ದೆಯಲ್ಲ, ತೂಕಡಿಕೆಯಲ್ಲ, ಮಿಲ್ಲಿನಲ್ಲಿ ಬರುತ್ತಿದ್ದಂಥ ಹಳೆಯ ನಿದ್ದೆ. ಕಾಲನ್ನು ಮೆಲ್ಲಗೆ ಮೇಲೆತ್ತಿ ವೇಗ ಇಳಿಸಿದೆ. ಬೆಳಗಿನ ಬಿಸಿಲು ಹದವಾಗಿತ್ತು. ಬೇಲಿಯಾಚೆ ಯಾರೋ ಒಂದು ಕುದುರೆಯನ್ನು ಹಗ್ಗ ಹಿಡಿದು ನಡೆಸುತ್ತಿದ್ದರು. ಅದರ ಬೆನ್ನಿನಿಂದ ಹಬೆ ಏಳುತ್ತಿತ್ತು. ಆ ರಸ್ತೆ, ಆ ಕುದುರೆ, ಕನ್ನಡಿಯಲ್ಲಿ ನಿದ್ದೆಹೋದ ಅಪ್ಪನ ಮುಖ, ಎಲ್ಲ ಸೇರಿ ನಾನೇ ಕನಸು ಕಾಣುತ್ತಿದ್ದೇನೋ ಎನ್ನಿಸಿತು. ಷೋರೂಮಿನ ಕಡೆಯ ತಿರುವು ಬಂತು. ನಾನು ತಿರುಗಲಿಲ್ಲ.

"ಮೇಡಂ, ಇಲ್ಲಿ ಎಡಕ್ಕೆ..."

"ಸುಮ್ನಿರ್ರೀ ಸ್ವಲ್ಪ."

ಆತ ಹಿಂದೆ ತಿರುಗಿ ನೋಡಿದ. ಅವ್ವ ತುಟಿಯ ಮೇಲೆ ಬೆರಳಿಟ್ಟಳು, ಇನ್ನೊಂದು ಕೈ ಸೀಟಿನ ಮೇಲಿತ್ತು. ಆತನಿಗೆ ಏನು ಅರ್ಥವಾಯಿತೋ, ಹ್ಯಾಂಡ್ ಬ್ರೇಕಿನಿಂದ ಕೈ ತೆಗೆದು ಪಿಸುಮಾತಿನಲ್ಲಿ, "ಇನ್ನೊಂದು ಸುತ್ತು ಹೋಗಿ ಮೇಡಂ, ಪರವಾಗಿಲ್ಲ" ಎಂದ. ಹಾಗೆ ಸುತ್ತಿದೆವು. ಮೈಲೇಜು ಕೇಳುವವರು, ಡಿಕ್ಕಿ ತೆಗೆದು ನೋಡುವವರು, ಟೈರು ಒದೆಯುವವರು, ಎಲ್ಲರನ್ನೂ ಕಂಡಿದ್ದ ಆತ ಇಂಥ ಪರೀಕ್ಷೆಯನ್ನು ಕಂಡಿರಲಾರ.

ಮನೆಗೆ ಬಂದ ಮೇಲೆ ನಾನು ಗಣಿತದ ಮೇಷ್ಟರ ಧಾಟಿಯಲ್ಲಿ ಲೆಕ್ಕ ಬಿಡಿಸಿ ಹೇಳಿದೆ. ಸದ್ದಿಲ್ಲದ ಕಾರಿನಲ್ಲಿ ನಿದ್ದೆ ಬರಲಿಲ್ಲ. ಸದ್ದಿನ ಕಾರಿನಲ್ಲಿ ಬಂತು. ಆದ್ದರಿಂದ ನಿದ್ದೆ ಇರುವುದು ಸದ್ದಿನಲ್ಲಿ. ಗಂಡ ನಾಣ್ಯದ ಮಾತೆತ್ತಿದರು. ನಾನು ಕಣ್ಣು ಬಿಟ್ಟೆ. ಮಾತು ಅಲ್ಲಿಗೆ ಮುಗಿಯಿತು. ಬೂದಿ ಬಣ್ಣದ ಕಾರು ಮನೆಗೆ ಬಂದ ದಿನ ಅವ್ವ ನಿಂಬೆಹಣ್ಣು ಚಕ್ರದಡಿ ಇಡುತ್ತಾ, "ಅಂತೂ ನನ್ನ ಸವತೀನ ಮನೆಬಾಗ್ಲಿಗೇ ತಂದ್ಬುಟ್ಟೆ" ಎಂದಳು. ನಕ್ಕಳು ಕೂಡ. ಆದರೆ ಆಮೇಲೆ ಒಳಗೆ ಹೋಗಿ ದೇವರಮನೆಯಲ್ಲಿ ಸುಮ್ಮನೆ ಕೂತಿದ್ದಳು. ಅವಳಿಗೆ ಆ ಹೊತ್ತು ಏನನ್ನಿಸಿತ್ತು ಎಂದು ನಾನು ಕೇಳಲಿಲ್ಲ.

ಇನ್ನೇನು, ಅಪ್ಪನ ನಿದ್ದೆ ಮನೆಗೆ ಬಂದಂತೆಯೇ ಎಂದುಕೊಂಡೆ. ಮನೆಯ ಹಿರಿಯರಲ್ಲವೇ, ಅಪ್ಪನನ್ನು ಮುಂದೆ ನನ್ನ ಪಕ್ಕ ಕೂರಿಸಿದೆ. ಯಜಮಾನರಾದವರು ಮುಂದೆ ಕೂರಬೇಕು, ಇದರಲ್ಲಿ ಯೋಚಿಸುವುದೇನಿದೆ? ಹಿಂದೆ ಅವ್ವ ಒಂದು ತುದಿಗೆ, ನನ್ನ ಗಂಡ ಇನ್ನೊಂದು ತುದಿಗೆ, ಅತ್ತೆ ಅಳಿಯನ ನಡುವೆ ಗಡಿಗಲ್ಲಿನ ಹಾಗೆ ನನ್ನ ಮಗಳು. ಶಾಲೆಯಿಂದ ಬಂದು ದಿನಾ ಸಂಜೆ ಒಂದು ಸುತ್ತು. ಬೆಟ್ಟದ ಪಾದ, ರೇಸ್ ಕೋರ್ಸು, ನಂಜನಗೂಡು ರಸ್ತೆ. ಎಂಜಿನ್ನು ಗಡಗಡ ಎನ್ನುತ್ತಿತ್ತು. ಅಪ್ಪ ಕಣ್ಣರಳಿಸಿ ರಸ್ತೆ ನೋಡುತ್ತಿದ್ದರು. "ಗೇರ್ ಬದಲಾಯ್ಸು ಮಗಾ, ಕೊಸರ್ತಾ ಅದೆ" ಎನ್ನುತ್ತಿದ್ದರು. ಎದುರಿಗೆ ಬರುವ ಎತ್ತಿನಗಾಡಿಯನ್ನು ನನಗಿಂತ ಮುಂಚೆ ಕಂಡು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ನಿದ್ದೆಯ ಸುಳಿವೇ ಇಲ್ಲ.

ಹಿಂದಿನ ಸೀಟಿನಲ್ಲಿ ನನ್ನ ಗಂಡ ಮಾತ್ರ ಮನೆ ಬಿಟ್ಟ ಸ್ವಲ್ಪ ಹೊತ್ತಿಗೇ ಗೊರಕೆ ಹೊಡೆಯುತ್ತಿದ್ದರು. "ನಿದ್ದೆ ಬೇಕಾದೋರಿಗೆ ಬರಲ್ಲ, ಬೇಡದೋರಿಗೆ ಬರತ್ತೆ" ಎಂದು ಗೊಣಗಿದ್ದು ನೆನಪಿದೆ. ಗಣಿತ ಹೇಳಿಕೊಡುವವಳು ಅಲ್ಲೇ ಲೆಕ್ಕ ಮತ್ತೆ ಹಾಕಬೇಕಿತ್ತು. ಹಾಕಲಿಲ್ಲ.

ಬೇವಿನ ಮರಗಳು ಹೂಬಿಡತೊಡಗಿದವು. ಯುಗಾದಿ ಹತ್ತಿರ ಬಂತು. ಅಪ್ಪ ಟ್ರಂಕಿನಿಂದ ತಮ್ಮ ಪಂಚೆಗಳನ್ನು ತೆಗೆದು ಬಿಸಿಲಿಗೆ ಹಾಕಿದರು. ಅವ್ವ ಅವನ್ನು ಮಡಿಸಿ ಮತ್ತೆ ಟ್ರಂಕಿನೊಳಗಿಟ್ಟಳು. ನಾನು ಅಡಿಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ನಮ್ಮ ಬಡಾವಣೆಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಕಡಕೊಳದಾಚೆಯ ಮಠದ ಸ್ವಾಮಿಗಳು ಬಂದರು. ಅಪ್ಪನಿಗೆ ರೂಮು ಕೊಡುತ್ತೇನೆ ಎಂದಿದ್ದವರು ಇವರೇ. ಮಠದ ದಾಸೋಹಕ್ಕೆ ಅಪ್ಪ ವರ್ಷಗಟ್ಟಲೆ ರಾಗಿ ಬೀಸಿಕೊಟ್ಟಿದ್ದರು. ನಮ್ಮ ಮನೆಗೂ ಬಂದು ಪಾದಪೂಜೆ ಮಾಡಿಸಿಕೊಂಡು ಪ್ರಸಾದ ತೆಗೆದುಕೊಂಡರು. ಹೊರಡುವಾಗ ಅಪ್ಪ, "ಬುದ್ಧಿ, ನಮ್ಮ ಗಾಡೀಲೇ ಬುಟ್ಟು ಬರ್ತೀವಿ, ಪಾದ ಬೆಳೆಸ್ಬೇಕು" ಎಂದು ಕೈಮುಗಿದರು. ಗಂಡ ಕಚೇರಿಗೆ ಹೋಗಿದ್ದರು. ಮುಂದಿನ ಸೀಟಿಗೆ ಮಡಿ ಶಾಲು ಹಾಸಿ ಸ್ವಾಮಿಗಳನ್ನು ಕೂರಿಸಿದೆವು. ಯಜಮಾನರಿಗಿಂತ ದೊಡ್ಡವರು ಬಂದಿದ್ದರಿಂದ ಅಪ್ಪ ಹಿಂದೆ ಸರಿದರು. ಹಿಂದೆ ಅಪ್ಪ, ಅವ್ವ, ಅವ್ವನ ಮಡಿಲಲ್ಲಿ ಮಗು.

ನಂಜನಗೂಡು ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲು ಮಂಜಿನ ಹಾಗೆ ಕವಿದಿತ್ತು. ಹುಣಸೆಮರಗಳ ನೆರಳು ಬರುವುದು, ಹೋಗುವುದು. ಸ್ವಾಮಿಗಳು ಮಳೆ ಬೆಳೆಯ ಮಾತಾಡುತ್ತಾ, "ಅಲ್ವೇ ಯಜಮಾನ್ರೇ?" ಎಂದರು. ಉತ್ತರ ಬರಲಿಲ್ಲ. ಕನ್ನಡಿ ನೋಡಿದೆ. ಗುರುಗಳ ಬೆನ್ನ ಹಿಂದೆಯೇ ಅಪ್ಪ ತಲೆ ವಾಲಿಸಿ ಬಾಯಿ ತೆರೆದು ಮಲಗಿಬಿಟ್ಟಿದ್ದರು! ಅವ್ವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಏನೀಂದ್ರೆ, ಏಳಿ..." ಎಂದು ಮೊಣಕೈಯಿಂದ ತಿವಿಯಹೋದಳು.

ಸ್ವಾಮಿಗಳು ತಿರುಗಿ ನೋಡಿ, "ಬ್ಯಾಡ ತಾಯಿ, ಮಲಗ್ಲಿ ಬುಡು. ನಿದ್ದೆ ಬರಾಕಿಲ್ಲ ಅಂತ ತಾನೆ ಮಠಕ್ಕೆ ಬತ್ತೀನಿ ಅಂದಿದ್ದು?" ಎಂದರು.

ಕಡಕೊಳದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ನಮ್ಮ ಮುಂದೆ ಒಂದು ಹುಲ್ಲಿನ ಗಾಡಿ, ಹಿಂದೆ ಒಂದು ಬಸ್ಸು. ಡೀಸೆಲ್ ಉಳಿಸಬೇಕೆಂದು ಗಂಡ ಮಾಡಿಸಿದ ಅಭ್ಯಾಸ, ಕೈ ತಾನಾಗಿ ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟಿತು. ಆರಿಸಿದ ಮೇಲೆ ನೆನಪಾಯಿತು. ಸದ್ದು ನಿಂತರೆ ಅಪ್ಪನಿಗೆ ಎಚ್ಚರವಾಗುತ್ತದಲ್ಲ!

ಎಂಜಿನ್ನು ನಿಂತಿತು. ಬಸ್ಸಿನವನೂ ಆರಿಸಿದ. ಎಂಥ ನಿಶ್ಶಬ್ದವೆಂದರೆ ಹುಲ್ಲಿನಗಾಡಿಯ ಎತ್ತು ಬಾಲ ಬೀಸುವುದು ಕೇಳಿಸುತ್ತಿತ್ತು. ಉಸಿರು ಹಿಡಿದು ಹಿಂದೆ ತಿರುಗಿದೆ.

ಅಪ್ಪ ಮಲಗಿಯೇ ಇದ್ದರು. ಆ ನಿಶ್ಶಬ್ದದಲ್ಲಿ ಒಂದೇ ಒಂದು ಸದ್ದು, ಮೆಲ್ಲಗೆ, ಬಿಡದೆ. ತಪ್, ತಪ್, ತಪ್. ಅವ್ವನ ಅಂಗೈ, ಅಪ್ಪನ ಪಕ್ಕದ ಸೀಟಿನ ಮೇಲೆ. ಮಗು ಮಡಿಲಿನಿಂದ ಇಳಿದು ಎಷ್ಟೋ ಹೊತ್ತಾಗಿತ್ತು.

ದೂರದಲ್ಲಿ ರೈಲು ಕಾಣಿಸಿತು. ಮಗಳು "ಅಜ್ಜೀ, ಲೈಲು!" ಎಂದು ಕಿಟಕಿಗೆ ಹತ್ತಿದಳು. ಬಿದ್ದುಬಿಟ್ಟಾಳು ಎಂದು ಅವ್ವ ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಟ್ಟುವುದು ನಿಂತಿತು.

ಅಪ್ಪ ಫಕ್ಕನೆ ಕಣ್ಣು ಬಿಟ್ಟರು. ನಮ್ಮ ಯಾರನ್ನೂ ನೋಡಲಿಲ್ಲ. ಅವ್ವನನ್ನು ಕೇಳಿದರು: "ಯಾಕೆ, ಹಿಟ್ಟು ಕಟ್ಕತಾ?"

ಅವ್ವ ಅವರ ಮುಖವನ್ನೇ ನೋಡಿದಳು. ಆರಿಹೋಗಿದ್ದ ಎಂಜಿನ್ನಿನ ಕಡೆ ಒಮ್ಮೆ, ತನ್ನ ಕೈಯ ಕಡೆ ಒಮ್ಮೆ ನೋಡಿಕೊಂಡಳು. ಮಗುವನ್ನು ಒಂದು ತೋಳಿಗೆ ತೆಗೆದುಕೊಂಡು, ಬಲಗೈಯನ್ನು ಮತ್ತೆ ಸೀಟಿನ ಮೇಲಿಟ್ಟಳು.

"ಇಲ್ಲ, ಹಿಟ್ಟು ಬತ್ತಾ ಅದೆ. ಮನಿಕ್ಕೊಳ್ಳಿ, ನಾನು ನೋಡ್ಕತೀನಿ."

ತಪ್, ತಪ್, ತಪ್. ಅಪ್ಪನ ರೆಪ್ಪೆ ಮುಚ್ಚಿತು. ಇಡೀ ರೈಲು ಕೂಗುತ್ತಾ ಕಣ್ಣ ಮುಂದೆಯೇ ಹಾದುಹೋಯಿತು, ಕಾರು ನಡುಗಿತು, ಅವರು ಏಳಲಿಲ್ಲ.

"ಎಂಜಿನ್ನು ಆಫ್ ಆಗದಲ್ವಾ ಮಗಾ?" ಅವ್ವ ಪಿಸುಗುಟ್ಟಿದಳು.

"ಹೂಂ ಅವ್ವ. ಆಗ್ಲೇ ಆಫ್ ಮಾಡ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಾಮಿಗಳು ಮುಂದೆ ನೋಡುತ್ತಲೇ ನಕ್ಕರು. "ಕಂಕುಳಲ್ಲಿ ಕೂಸು ಮಡಿಕ್ಕೊಂಡು ಊರೆಲ್ಲ ಹುಡುಕುದ್ರಂತೆ. ಹೊರಡವ್ವ, ಗೇಟು ತೆಗುದ್ರು" ಎಂದರು. ಬಸ್ಸಿನವನು ಹಾರನ್ ಒತ್ತಿದ. ನನಗೆ ಕಣ್ಣು ಮಂಜಾಗಿ ಕೀ ತಿರುಗಿಸುವುದಕ್ಕೆ ಒಂದು ಗಳಿಗೆ ಬೇಕಾಯಿತು.

ನನ್ನ ಮನೆಯಲ್ಲಿ ಅಪ್ಪನಿಗೆ ಏನು ಕಮ್ಮಿಯಾಗಿತ್ತು ಎಂಬುದು ಆ ದಾರಿಯಲ್ಲಿ ಒಂದೊಂದಾಗಿ ಹೊಳೆಯಿತು. ಅಳಿಯನ ಮನೆಗೆ ಬಂದ ದಿನದಿಂದ, ಬೂದಿ ಬಣ್ಣದ ಕಾರು ನೋಡಲು ಹೋದ ಆ ಒಂದು ಭಾನುವಾರ ಬಿಟ್ಟರೆ, ಅವ್ವ ಅಪ್ಪನ ಪಕ್ಕ ಕೂತದ್ದನ್ನೇ ನಾನು ಕಂಡಿರಲಿಲ್ಲ. ಅಳಿಯನ ಎದುರು ಗಂಡನ ಪಕ್ಕ ಕೂರುವುದು ಅವಳಿಗೆ ಸರಿಕಾಣುತ್ತಿರಲಿಲ್ಲ. ಹಗಲಾಗಲಿ ರಾತ್ರಿಯಾಗಲಿ ಅಪ್ಪ ಹಾಲಿನ ದಿವಾನದ ಮೇಲೆ, ಅವಳು ಒಳಕೋಣೆಯಲ್ಲಿ ಮಗುವಿನ ಜೊತೆ. ತಟ್ಟುವ ಕೈ ಗೋಡೆಯ ಆಚೆ ಮೊಮ್ಮಗಳನ್ನು ತಟ್ಟುತ್ತಿತ್ತು, ಗೋಡೆಯ ಈಚೆ ಅಪ್ಪ ಫ್ಯಾನು ನೋಡುತ್ತಿದ್ದರು. ಕಾರಿನಲ್ಲಿ ನಾನು ಅವರಿಗೆ ಮರ್ಯಾದೆ ಕೊಟ್ಟು ಮುಂದೆ ಕೂರಿಸಿದೆ. ಮರ್ಯಾದೆಯೇ ಎಲ್ಲ ಕೆಡಿಸಿತ್ತು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಎಲ್ಲ ಕೇಳಿ ಮುಗಿಸಿ, "ಹಂಗಾದ್ರೆ ಆ ಕೆನೆ ಬಣ್ಣದ್ದೇ ತಗೋಬಹುದಿತ್ತಲ್ಲೇ" ಎಂದರು. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಆಮೇಲೆ ಅವರೇ, "ಅದಕ್ಕೇ ನಂಗೂ ಅಷ್ಟು ಚೆನ್ನಾಗಿ ನಿದ್ದೆ ಬರ್ತಿತ್ತು" ಎಂದು ಸಂಕೋಚದಿಂದ ಕಿವಿ ಕೆರೆದುಕೊಂಡರು.

ಮರುದಿನ ಭಾನುವಾರ. ಊಟವಾದ ಮೇಲೆ ಅವ್ವ ಬಾಗಿಲಲ್ಲಿ ನಿಂತು ಒಮ್ಮೆ ದಿವಾನದ ಕಡೆ, ಒಮ್ಮೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅಳಿಯನ ಕಡೆ ನೋಡಿದಳು. ನನ್ನ ಗಂಡ ತಲೆಯೆತ್ತದೆ ಪೇಪರ್ ಮಡಿಸಿಕೊಂಡು, "ಹೊರಗೆ ಗಾಳಿ ಚೆನ್ನಾಗಿದೆ" ಎಂದು ಜಗಲಿಗೆ ಹೋದರು. ಅಲ್ಲಿ ಗಾಳಿಯೇ ಇರಲಿಲ್ಲ, ಉರಿಬಿಸಿಲು. ಅವ್ವ ಚಾಪೆ ತಂದು ದಿವಾನದ ಪಕ್ಕ ಹಾಸಿ ಕೂತಳು. ಸ್ವಲ್ಪ ಹೊತ್ತಿಗೆ ದಿವಾನದ ಮರದ ಪಕ್ಕೆಯಿಂದ ಆ ಸದ್ದು ಬಂತು. ನಾನು ಅಡಿಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳುತ್ತಾ ನಿಂತೆ.

ಯುಗಾದಿಯ ದಿನ ಬೇವುಬೆಲ್ಲ ತಿಂದೆವು. ಕಡಕೊಳದ ಮಾತನ್ನು ಯಾರೂ ಎತ್ತಲಿಲ್ಲ. ಟ್ರಂಕಿನಿಂದ ಪಂಚೆಗಳು ಮತ್ತೆ ಗೂಟಕ್ಕೆ ಬಂದವು. ಅಂದಿನಿಂದ ಕಾರಿನಲ್ಲಿ ಮುಂದಿನ ಸೀಟು ನನ್ನ ಗಂಡನದು, ಹಿಂದೆ ಅಪ್ಪ ಅವ್ವ ಪಕ್ಕ ಪಕ್ಕ. ನಾನು ಮನೆಯ ಡ್ರೈವರು.

ಹಬ್ಬ ಕಳೆದು ಬಂದ ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟು ಬಾಗಿಲಿಗೆ ಬಂದೆ. ಅವ್ವ ಕಾರಿನ ಮುಂದೆ ನಿಂತಿದ್ದಳು. ಸೆರಗಿನ ತುದಿಯಿಂದ ಬಾನೆಟ್ಟಿನ ಧೂಳು ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ತನ್ನ ಮುಡಿಯಿಂದಲೇ ಒಂದು ಮಲ್ಲಿಗೆ ತೆಗೆದು ಅದರ ಮೇಲಿಟ್ಟಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ. ಅಂಗೈಯಿಂದ ಎರಡು ಸಲ ಬಾನೆಟ್ಟನ್ನು ಮೆಲ್ಲಗೆ ತಟ್ಟಿ ಹೇಳಿದಳು: "ಇಷ್ಟು ವರ್ಷ ಸುಮ್ಕೆ ಬೈದ್ಬುಟ್ಟೆ. ಪಾಪ, ನಿಂದೇನೂ ಇರ್ಲಿಲ್ಲ."